ಚೆಂಡು ಹಿಂದಕ್ಕೆ, ನಾವು ಮುಂದಕ್ಕೆ

ಈ ಕ್ಲಿಪ್‌ನಲ್ಲಿ ಕೆಂಪು ಜೆರ್ಸಿ ಹಾಕಿಕೊಂಡು ಓಡುತ್ತಿರುವುದು ನಾನೇ. ಮುಂದೆ ನಮ್ಮ ತಂಡದವನೊಬ್ಬ ಆರಾಮಾಗಿ ನಿಂತಿದ್ದಾನೆ, ಸುತ್ತ ಯಾರೂ ಇಲ್ಲ. ಸರಿ, ಚೆಂಡನ್ನು ಅವನ ಕಡೆ ಎಸೆದೆ. ತಕ್ಷಣ ವಿಸಲ್. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ರಗ್ಬಿಯಲ್ಲಿ ನಾನು ಮಾಡಿದ ಮೊದಲ ಕೆಲಸವೇ ಮಾಡಬಾರದ ಕೆಲಸ!

ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ, ಇಲ್ಲಾ ಹಿಂದಕ್ಕೆ. ಮುಂದೆ ಹೋಗಬೇಕಾ? ಹಿಡಿದುಕೊಂಡು ಓಡಬೇಕು, ಇಲ್ಲಾ ಒದೆಯಬೇಕು. ಇದೊಂದು ತಲೆಗೆ ಹೋದರೆ ಅರ್ಧ ಆಟ ಅರ್ಥ ಆದ ಹಾಗೆ. ಚೆಂಡು ಇರುವವನ ಹಿಂದೆ ಉಳಿದವರು ಓರೆಯಾಗಿ ಸಾಲುಗಟ್ಟಿ ಓಡುತ್ತಾರಲ್ಲ, ಅದು ಇದಕ್ಕೇ.

ಒಂದೊಂದು ತಂಡದಲ್ಲಿ 15 ಜನ. 40 ನಿಮಿಷದ ಎರಡು ಭಾಗ. ಸೆವೆನ್ಸ್ ಅಂತ 7 ಜನರ ಚಿಕ್ಕ ಆಟವೂ ಇದೆ, 2016ರಿಂದ ಒಲಿಂಪಿಕ್ಸ್‌ನಲ್ಲಿ ಆಡುತ್ತಿರುವುದು ಅದನ್ನೇ.

ಇನ್ನು ಟ್ರೈ. ಎದುರಾಳಿಯ ಗೆರೆ ದಾಟಿದರೆ ಸಾಲದು, ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು. ಆಗ 5 ಅಂಕ. ತಮಾಷೆ ಏನು ಗೊತ್ತಾ? ಹಿಂದಿನ ಕಾಲದಲ್ಲಿ ಇದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು 'ಪ್ರಯತ್ನಿಸುವ' ಅವಕಾಶ ಸಿಗುತ್ತಿತ್ತು, ಅಷ್ಟೇ. ಆ ಹೆಸರೇ ಉಳಿದುಕೊಂಡಿದೆ. ಈಗಲೂ ಟ್ರೈ ಆದ ಮೇಲೆ ಒಂದು ಒದೆತ ಸಿಗುತ್ತದೆ. H ಆಕಾರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹೋದರೆ 2 ಅಂಕ. ಆದರೆ ಚೆಂಡು ಮುಟ್ಟಿಸಿದ ಜಾಗದ ನೇರಕ್ಕೇ ನಿಂತು ಒದೆಯಬೇಕು. ಅದಕ್ಕೇ ನೋಡಿ, ಮೂಲೆಯಲ್ಲಿ ಗೆರೆ ದಾಟಿದವನೂ ಕಂಬದ ಕಡೆಗೆ ಓಡುತ್ತಾನೆ. ಪೆನಾಲ್ಟಿ ಒದೆತಕ್ಕೆ 3 ಅಂಕ. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಗೋಲಿಗೆ ಒದೆಯುವ ಡ್ರಾಪ್ ಗೋಲಿಗೂ 3.

ಟ್ಯಾಕಲ್, ಅಂದರೆ ಚೆಂಡು ಇರುವವನನ್ನು ಹಿಡಿದು ಕೆಡವುವುದು, ನೋಡಿದರೆ ಗುದ್ದಾಟ ಅನಿಸುತ್ತದೆ, ಅಲ್ವಾ? ಹಾಗಲ್ಲ. ಹೆಗಲಿಗಿಂತ ಮೇಲೆ ಹಿಡಿದರೆ ತಪ್ಪು. ಹಳದಿ ಕಾರ್ಡ್ ಬಂದರೆ 10 ನಿಮಿಷ ಹೊರಗೆ. ಕೆಡವಿದವನು ಬಿದ್ದವನನ್ನು ಬಿಡಬೇಕು, ಬಿದ್ದವನು ಚೆಂಡನ್ನು ಬಿಡಬೇಕು. ಆಮೇಲೆ ಎರಡೂ ಕಡೆಯವರು ನಿಂತುಕೊಂಡೇ ಚೆಂಡಿನ ಮೇಲೆ ಒಬ್ಬರನ್ನೊಬ್ಬರು ತಳ್ಳುತ್ತಾರೆ. ಇದು ರಕ್. ಮೊದಮೊದಲು ನನಗೆ ಇಲ್ಲಿ ಬರೀ ಕಾಲುಗಳ ರಾಶಿ ಕಾಣುತ್ತಿತ್ತು. ಈಗ ನಾನು ಚೆಂಡನ್ನು ಹುಡುಕುವುದಿಲ್ಲ. ಪಕ್ಕದಲ್ಲಿ ಬಗ್ಗಿ ನಿಂತಿರುವ 9ನೇ ನಂಬರಿನವನನ್ನು ನೋಡುತ್ತೇನೆ. ಹೆಚ್ಚಾಗಿ ಚೆಂಡು ಅವನ ಕೈಗೇ ಬರುತ್ತದೆ.

ನನ್ನ ತಪ್ಪಿಗೆ ಸಿಕ್ಕಿದ್ದು ಸ್ಕ್ರಮ್. ಎಂಟೆಂಟು ಜನ ತಲೆ ತಗ್ಗಿಸಿ, ಹೆಗಲು ಸೇರಿಸಿ ತಳ್ಳುವುದು. ಚೆಂಡು ನಡುವೆ ಹಾಕುವ ಅವಕಾಶ ಎದುರು ತಂಡಕ್ಕೆ.

ಅದೇ ದಿನದ ಇನ್ನೊಂದು ಕ್ಲಿಪ್ ಇದು. ಮತ್ತೆ ಚೆಂಡು ನನ್ನ ಕೈಯಲ್ಲಿ. ಈ ಸಲ ನೆನಪಿತ್ತು, ಸರಿಯಾಗಿ ಹಿಂದಕ್ಕೇ ಎಸೆದೆ. ಹಿಂದೆ ಯಾರೂ ಇರಲಿಲ್ಲ.