ಎರಡಾಣೆಯ ವಾದ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಾತಂತ್ರ್ಯ ಹೋರಾಟ ಎಂದೊಡನೆ ನಮಗೆ ಘೋಷಣೆ, ಲಾಠಿ, ಜೈಲು ನೆನಪಾಗುತ್ತವೆ. ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿತ್ತು: ಪರರ ಆಳ್ವಿಕೆ ಯಾಕೆ ಬೇಡ ಎಂದು ಹೊಲದಲ್ಲಿ ದುಡಿಯುವವರಿಗೆ ಮನದಟ್ಟು ಮಾಡುವುದು. ರೈಲು ಬಂತು, ಅಂಚೆ ಬಂತು, ಕೋರ್ಟು ಬಂತು, ಇನ್ನೇನು ಕಷ್ಟ ಎಂದು ಕೇಳುವವರಿಗೆ ಏನು ಹೇಳುವುದು?

ದಾದಾಭಾಯಿ ನವರೋಜಿ ಲೆಕ್ಕ ತೆಗೆದು ತೋರಿಸಿದರು. ಅಧಿಕಾರಿಗಳ ಸಂಬಳ, ಪಿಂಚಣಿ, ಸಾಲದ ಬಡ್ಡಿ ಎಂದು ಇಲ್ಲಿನ ಹಣ ವರ್ಷವರ್ಷವೂ ಇಂಗ್ಲೆಂಡಿಗೆ ಸೋರಿಹೋಗುತ್ತಿದೆ ಎಂದರು. ಗಟ್ಟಿ ವಾದವೇ. ಆದರೆ ಅದು ಓದುಬಲ್ಲವರ ವಾದ.

1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯ್ ಇರ್ವಿನ್ ಅವರಿಗೆ ಬರೆದ ಪತ್ರದಲ್ಲಿ ಅದೇ ಲೆಕ್ಕ ಒಲೆಯ ಮುಂದೆ ಬಂದು ಕೂತಿತು. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700ಕ್ಕೂ ಮೇಲಾಯಿತು. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ. ಆಗ ರೂಪಾಯಿಗೆ 16 ಆಣೆ. ಗುಣಿಸಿ ನೋಡಿ, ಅಂತರ ಐದು ಸಾವಿರ ಪಟ್ಟನ್ನೂ ದಾಟುತ್ತದೆ. ಇಂಥ ಮಾತು ಬರೆದದ್ದು 'ಪ್ರಿಯ ಮಿತ್ರರೇ' ಎಂಬ ಒಕ್ಕಣೆಯಲ್ಲಿ! ಪತ್ರ ಒಯ್ದವರೂ ಒಬ್ಬ ಇಂಗ್ಲಿಷ್ ತರುಣರೇ, ರೆಜಿನಾಲ್ಡ್ ರೆನಾಲ್ಡ್ಸ್. ಜಗಳ ಇಂಗ್ಲಿಷರ ಮೇಲಲ್ಲ, ಅವರ ಆಳ್ವಿಕೆಯ ಮೇಲೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಆಮೇಲೆ ಉಪ್ಪು. ಅದೇ ವರ್ಷ ಜನವರಿ 26ರಂದು ಊರೂರಲ್ಲಿ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ಪ್ರಕಾರ, ಒಟ್ಟು ತೆರಿಗೆಯಲ್ಲಿ ಭೂಕಂದಾಯ ಶೇಕಡಾ 20, ಉಪ್ಪಿನ ತೆರಿಗೆ ಬರೀ 3. ಹಾಗಾದರೆ ಉಪ್ಪನ್ನೇ ಯಾಕೆ ಆರಿಸಿಕೊಂಡರು? ಕಾಂಗ್ರೆಸ್ಸಿನೊಳಗೇ ಹಲವರು ಹುಬ್ಬೇರಿಸಿದ್ದರು. ನನಗನ್ನಿಸುವುದಿಷ್ಟು: ಕಂದಾಯ ಭೂಮಿ ಇದ್ದವರ ಮಾತು. ಗಂಜಿಗೆ ಉಪ್ಪು ಭೂಮಿ ಇಲ್ಲದವರಿಗೂ ಬೇಕು. ಕಡಲು ಕಣ್ಣೆದುರೇ ಇದೆ, ಆದರೂ ಅದರ ಉಪ್ಪು ಮುಟ್ಟಿದರೆ ಅಪರಾಧ. ಈ ಅನ್ಯಾಯ ತಿಳಿಯಲು ಅಕ್ಷರ ಬರಬೇಕಿಲ್ಲ.

ದಾಂಡಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು. ಏಪ್ರಿಲ್ 6ರಂದು ಅಲ್ಲಿ ಉಪ್ಪು ಎತ್ತಿದ ವಾರಕ್ಕೆ, 13ರಂದು, ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು.

ಅಲ್ಲಿಂದ ಹೋರಾಟ ಕರನಿರಾಕರಣೆಗೆ ತಿರುಗಿತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲ ಎಂದರು. ಸರಕಾರ ಗದ್ದೆ, ತೋಟ, ಕೊಟ್ಟಿಗೆಯ ದನಗಳನ್ನು ಹರಾಜಿಗಿಟ್ಟಿತು. ಕೂಗಿದವನು ಪರಊರಿನವನಾಗಿದ್ದರೆ ಬೇರೆ ಮಾತು. ಕೊಳ್ಳಲು ಮುಂದಾದವರಲ್ಲಿ ನಮ್ಮವರೂ ಇದ್ದರು. ಅಂಥವರಿಗೆ ಯಾವ ವಾದ ಹೇಳುವುದು? ಸಿದ್ದಾಪುರದ ಕಡೆಯ ಹೆಂಗಸರು ಭಾಷಣಕ್ಕೆ ಹೋಗಲಿಲ್ಲ. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಹೋಗಿ, ಅನ್ನನೀರು ಬಿಟ್ಟು ಕೂತರು.

ನಮಸ್ಕಾರ.