ಬಾಗಿಲು ತಟ್ಟಿದವನ ಹಾಡುಗಳು

ಸ್ನೇಹಿತರೆ, ನಮಸ್ಕಾರ. ಅಮೆರಿಕದ ಮೆಂಫಿಸ್ ನಗರದ ರಾಕ್ ತಂಡ ಬಿಗ್ ಸ್ಟಾರ್‌ನ ಕಥೆ ನಿಮಗೆಲ್ಲ ಗೊತ್ತು. ಇವತ್ತು ಅದರ ಹಾಡುಗಾರ, ಗಿಟಾರ್ ವಾದಕ ಕ್ರಿಸ್ ಬೆಲ್ ಒಬ್ಬನ ಬಗ್ಗೆ ಮಾತ್ರ ಮಾತಾಡುತ್ತೇನೆ. ಕಾರಣ ಇದೆ. ಕಲಾವಿದ ಸತ್ತ ಮೇಲೆ ಅವನ ಟೇಪುಗಳನ್ನು ಹೊರಗೆ ತರಬಾರದು ಎಂದು ಮೊನ್ನೆ ಒಬ್ಬ ಗೆಳೆಯರು ವಾದ ಮಾಡಿದರು. ಬಚ್ಚಿಟ್ಟ ಟೇಪಾದರೆ ನಾನೂ ಒಪ್ಪುತ್ತೇನೆ. ಆದರೆ ಕ್ರಿಸ್ ಬಚ್ಚಿಟ್ಟಿರಲಿಲ್ಲ, ಬಾಗಿಲು ತಟ್ಟಿದ್ದ.

ತಂಡದ 1972ರ ಮೊದಲ ಆಲ್ಬಂ ನೆನಪಿದೆಯಲ್ವಾ? ಪತ್ರಿಕೆಗಳು ಬಾಯ್ತುಂಬ ಹೊಗಳಿದವು. ಓದಿದವರು ಅಂಗಡಿಗೆ ಹೋದರೆ ರೆಕಾರ್ಡೇ ಸಿಗದು! ಹಂಚುವ ಕೆಲಸದಲ್ಲೇ ಎಲ್ಲ ಕೆಟ್ಟಿತು. ಕ್ರಿಸ್ ಕುಗ್ಗಿಹೋದ. ತಂಡವನ್ನೂ ಬಿಟ್ಟ.

ಆಗ ಕೈ ಹಿಡಿದವನು ಅಣ್ಣ ಡೇವಿಡ್. ಈ ಭಾಗ ಹೇಳುವಾಗ ನನಗೆ ಮಾತು ಉದ್ದವಾಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. 1974ರಲ್ಲಿ ತಮ್ಮನನ್ನು ಮೆಂಫಿಸ್‌ನಿಂದ ಫ್ರಾನ್ಸ್‌ಗೆ ಕರೆದುಕೊಂಡು ಹೋದ. ಪ್ಯಾರಿಸ್ ಹತ್ತಿರ ಶಾಟೋ ದೆರುವಿಲ್ ಅಂತ ಒಂದು ಹಳೆಯ ಬಂಗಲೆ. ಇಂಗ್ಲೆಂಡಿನ ಹಾಡುಗಾರ ಎಲ್ಟನ್ ಜಾನ್ ರೆಕಾರ್ಡಿಂಗ್ ಮಾಡಿದ ಜಾಗ. ಅಲ್ಲಿ ಕ್ರಿಸ್ ಹಾಡಿದ. ಆಮೇಲೆ ಲಂಡನ್ನಿನ ಏರ್ ಸ್ಟುಡಿಯೋ. ಮಿಕ್ಸಿಂಗ್‌ಗೆ, ಅಂದರೆ ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುವ ಕೆಲಸಕ್ಕೆ, ಕೂತವರು ಯಾರು ಗೊತ್ತಾ? ಜೆಫ್ ಎಮೆರಿಕ್! ಕ್ರಿಸ್ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕೇಳುತ್ತಲೇ ಬೆಳೆದ ಹುಡುಗ. ಈಗ ಬೀಟಲ್ಸ್‌ನ ಇಂಜಿನಿಯರೇ ಅವನ ಹಾಡಿಗೆ ಕಿವಿಗೊಟ್ಟು ಕೂತಿದ್ದಾರೆ. ಆ ದಿನ ಅಣ್ಣ ತಮ್ಮ ಎಷ್ಟು ಖುಷಿಪಟ್ಟಿರಬೇಡ!

ಅಣ್ಣ ತಮ್ಮ ಇಬ್ಬರೂ ರೆಕಾರ್ಡ್ ಕಂಪನಿಗಳಿಗೆ ಟೇಪ್ ಕೇಳಿಸಿದರು. ಒಬ್ಬರೂ ತೆಗೆದುಕೊಳ್ಳಲಿಲ್ಲ. ಅದಕ್ಕೇ ಹೇಳಿದ್ದು, ಇವನು ಬಾಗಿಲು ತಟ್ಟಿದ್ದ ಅಂತ. ತೆರೆಯದವರು ಆ ಕಂಪನಿಯವರು.

ಊರಿಗೆ ವಾಪಸ್ ಬಂದು ಮನೆಯವರ ಹೋಟೆಲ್‌ನಲ್ಲಿ ಕೆಲಸಕ್ಕೆ ನಿಂತ. 1978ರಲ್ಲಿ ಕಾರ್ ರೆಕಾರ್ಡ್ಸ್ ಎಂಬ ಪುಟ್ಟ ಕಂಪನಿ ಎರಡು ಹಾಡುಗಳ ಸಿಂಗಲ್ ತಂದಿತು. ಒಂದು ಕಡೆ 'ಐ ಆ್ಯಮ್ ದಿ ಕಾಸ್ಮೋಸ್', ಇನ್ನೊಂದು ಕಡೆ 'ಯು ಆ್ಯಂಡ್ ಯುವರ್ ಸಿಸ್ಟರ್'. ಅವನು ಬದುಕಿದ್ದಾಗ ಅವನೊಬ್ಬನ ಹೆಸರಲ್ಲಿ ಬಂದದ್ದು ಅಷ್ಟೇ. ಅದೇ ವರ್ಷ ಡಿಸೆಂಬರ್ 27ರಂದು ಕಾರು ಕಂಬಕ್ಕೆ ಗುದ್ದಿ ಕ್ರಿಸ್ ತೀರಿಕೊಂಡ. ವಯಸ್ಸು 27.

ಉಳಿದ ಹಾಡುಗಳು 14 ವರ್ಷ ಕಾದವು. 1992ರಲ್ಲಿ ರೈಕೋಡಿಸ್ಕ್ ಎಂಬ ಕಂಪನಿ ಅವನ್ನು ಆಲ್ಬಂ ಆಗಿ ತಂದಿತು. ಅದರ ಜೊತೆಗಿದ್ದ ಬರಹ ಡೇವಿಡ್‌ನದೇ. ತಮ್ಮನ ಜೊತೆ ಬಾಗಿಲು ತಟ್ಟಿದವನೇ ಬರೆದದ್ದು. ಹೊರಗೆ ತರಬಾರದಿತ್ತು ಎನ್ನುವವರಿಗೆ ನಾನು ಮೊದಲು ತೋರಿಸುವುದು ಆ ಪುಟಗಳನ್ನೇ.

ಸಮಯ ಆಯಿತು ಅಂತ ಚೀಟಿ ಬಂದಿದೆ. 2009ರಲ್ಲಿ, 2017ರಲ್ಲಿ ಇನ್ನಷ್ಟು ಟೇಪುಗಳು ಸೇರಿ ಮತ್ತೆ ಬಿಡುಗಡೆಯಾದವು. ಅದನ್ನೆಲ್ಲ ವಿವರಿಸಬೇಕೆಂದಿದ್ದೆ, ಬಿಡುತ್ತೇನೆ. ಅದರ ಬದಲು ಆ ಸಿಂಗಲ್‌ನ ಎರಡನೇ ಹಾಡು, 'ಯು ಆ್ಯಂಡ್ ಯುವರ್ ಸಿಸ್ಟರ್' ಹಾಕುತ್ತೇನೆ. ಗಿಟಾರ್ ಜೊತೆ ಮೊದಲು ಕೇಳುವುದು ಕ್ರಿಸ್‌ನ ದನಿ. ಆಮೇಲೆ ಇನ್ನೊಂದು ದನಿ ಬಂದು ಸೇರುತ್ತದೆ. ಅದು ಆಲೆಕ್ಸ್ ಚಿಲ್ಟನ್, ಕ್ರಿಸ್ ಬಿಟ್ಟುಬಂದ ತಂಡದ ಗೆಳೆಯ.