ಮೂಸಂಬಿ ರಾಶಿಯ ನಾನೂರು ವರ್ಷ

ಕೇಳುಗರೇ, ನಮಸ್ಕಾರ.

ಕಾರವಾರದ ರವಿವಾರದ ಸಂತೆಯಲ್ಲಿ ಮೂಸಂಬಿ ಮಾರುವ ಅಜ್ಜಿಯೊಬ್ಬರಿದ್ದಾರೆ. ಮೊದಲು ಕೆಳಗೆ ಒಂದು ಸುತ್ತು ಹಣ್ಣು ಹರಡುತ್ತಾರೆ. ಹಣ್ಣುಗಳ ನಡುವೆ ತಗ್ಗು ಇರುತ್ತಲ್ವಾ, ಅಲ್ಲಿ ಮೇಲಿನ ಹಣ್ಣು ಕೂರಿಸುತ್ತಾರೆ. ಹೀಗೇ ಯಾಕೆ ಅಂತ ಒಮ್ಮೆ ಕೇಳಿದೆ. "ಜಾಗ ಕಡಿಮೆ ಸಾಕು ಅಕ್ಕೋರೆ, ಉರುಳೋದೂ ಇಲ್ಲ" ಅಂದರು.

ಅವರ ಮಾತು ಸರಿ. ಆದರೆ ಸರಿ ಎಂದು ಸಾಧಿಸಲು ಗಣಿತದವರಿಗೆ ಹತ್ತಿರ ಹತ್ತಿರ ನಾನೂರು ವರ್ಷ ಹಿಡಿಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. "ಗಣಿತದಲ್ಲಿ ಸಂಶೋಧನೆ ಮಾಡೋರು ದಿನವಿಡೀ ಏನು ಮಾಡ್ತಾರೆ?" ಎಂದು ಮಕ್ಕಳು ಕೇಳಿದಾಗ ಈ ರಾಶಿಯ ಕತೆಯನ್ನೇ ಹೇಳುತ್ತೇನೆ.

ಹಡಗಿನಲ್ಲಿ ತೋಪಿನ ಗುಂಡು ಪೇರಿಸುವ ಪ್ರಶ್ನೆಯಿಂದ ಇದು ಶುರುವಾಯಿತು. ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅದರ ಬಗ್ಗೆ ಯೋಚಿಸಿ, ಕೆಪ್ಲರ್ ಅವರಿಗೆ ಪತ್ರ ಬರೆದರು. ಗ್ರಹಗಳ ದಾರಿ ಹೇಳಿದ ಅದೇ ಕೆಪ್ಲರ್. 1611ರಲ್ಲಿ ಅವರು ಬರೆದರು: ಒಂದೇ ಅಳತೆಯ ಗುಂಡುಗಳನ್ನು, ನಮ್ಮ ಅಜ್ಜಿ ಹಣ್ಣು ಪೇರಿಸುವ ಈ ರೀತಿಗಿಂತ ಒತ್ತಾಗಿ ಜೋಡಿಸಲು ಆಗದು. ಹೀಗೆ ಜೋಡಿಸಿದರೆ ಜಾಗದಲ್ಲಿ ಸುಮಾರು ಶೇಕಡಾ 74 ತುಂಬುತ್ತದೆ, ಉಳಿದದ್ದು ಬರೀ ಸಂದು.

ಎಲ್ಲ ಕಡೆ ಒಂದೇ ಕ್ರಮ ಇರುವ ರಾಶಿಗಳ ಮಟ್ಟಿಗೆ 1831ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಇದನ್ನು ಸಾಧಿಸಿದರು. ಆದರೆ ಸುಮ್ನೆ ಅಡ್ಡಾದಿಡ್ಡಿ ಸುರಿದ ರಾಶಿಯೂ ಲೆಕ್ಕಕ್ಕೆ ಬರಬೇಕು. ಕಷ್ಟ ಇರುವುದು ಅಲ್ಲೇ. ಒಂದು ಹಣ್ಣಿನ ಸುತ್ತ ಮಾತ್ರ ನೋಡಿದರೆ 74ನ್ನು ಮೀರಿಸುವ ಜೋಡಣೆ ನಿಜವಾಗಿಯೂ ಇದೆ! ಅದನ್ನೇ ರಾಶಿಯುದ್ದಕ್ಕೂ ಮುಂದುವರಿಸಲು ಹೋದರೆ ಕೈಕೊಡುತ್ತದೆ. ಯಾವ ಜೋಡಣೆಯೂ ಕೊನೆಗೆ ಗೆಲ್ಲುವುದಿಲ್ಲ ಎಂದು ತೋರಿಸುವುದು ಹೇಗೆ?

1998ರಲ್ಲಿ ಅಮೆರಿಕದ ಥಾಮಸ್ ಹೇಲ್ಸ್ ತೋರಿಸಿದರು. ಅವರ ವಿದ್ಯಾರ್ಥಿ ಸ್ಯಾಮ್ಯುಯೆಲ್ ಫರ್ಗ್ಯುಸನ್ ಒಂದು ಕಠಿಣ ಭಾಗವನ್ನು ಬಿಡಿಸಿದರು. ಮೇಷ್ಟ್ರು, ಶಿಷ್ಯ ಒಂದೇ ಲೆಕ್ಕದ ಮುಂದೆ ಕೂತಿದ್ದು ನನಗೆ ತುಂಬಾ ಇಷ್ಟವಾಗುವ ಸಂಗತಿ. ಸುಮಾರು 250 ಪುಟ ಬರಹ, ಜೊತೆಗೆ ಕಂಪ್ಯೂಟರಿನ ರಾಶಿ ರಾಶಿ ಲೆಕ್ಕ. ಪರಿಶೀಲಿಸಲು 12 ಜನ ಕೂತರು. ವರ್ಷಗಟ್ಟಲೆ ಓದಿ, ಶೇಕಡಾ 99ರಷ್ಟು ಖಾತ್ರಿ, ಪೂರ್ತಿ ಹೇಳಲಾರೆವು ಅಂದರು.

ನಮ್ಮ ಪರೀಕ್ಷೆಯಲ್ಲಿ 99 ಬಂದರೆ ಮನೆಯಲ್ಲಿ ಪಾಯಸ. ಹೇಲ್ಸ್ ಅವರಿಗೆ ಆ ಉಳಿದ ಒಂದು ಬೇಕಿತ್ತು. ತಾವೇ ಸಾಧಿಸಿದ್ದನ್ನು ಮತ್ತೆ ಮೊದಲಿನಿಂದ ಹಿಡಿದರು. ಒಂದೊಂದು ಮೆಟ್ಟಿಲನ್ನೂ ಕಂಪ್ಯೂಟರ್ ಪರೀಕ್ಷಿಸುವಂತೆ, ಹಲವು ಜನರ ಜೊತೆ ಸೇರಿ ಬರೆದರು. ಮುಗಿದದ್ದು 2014ರ ಆಗಸ್ಟಿನಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ! ಹೊಸ ಉತ್ತರವೇನೂ ಸಿಗಲಿಲ್ಲ. ಕೆಪ್ಲರ್ ಹೇಳಿದ್ದೇ ಸರಿ ಎಂದು ಇನ್ನು ಯಾರೂ ಅನುಮಾನಿಸಬೇಕಿಲ್ಲ, ಅಷ್ಟೇ. ಆ ಅಷ್ಟಕ್ಕಾಗಿ ಅವರು ಬದುಕಿನ ಅಷ್ಟು ವರ್ಷ ಕೊಟ್ಟರು. ಪ್ರಶ್ನೆಪತ್ರಿಕೆಯಲ್ಲಿ "ಸಾಧಿಸಿ" ಎಂಬ ಪದ ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈ ವರ್ಷ ಕ್ಲಾಸಿಗೆ ಒಂದು ಚೀಲ ಲಿಂಬೆಹಣ್ಣು ಒಯ್ದಿದ್ದೆ. ಮಕ್ಕಳು ನೆಲದ ಮೇಲೆ ಕೂತು ಪೇರಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದು ದೊಡ್ಡ ಹಣ್ಣು, ಒಂದು ಸಣ್ಣ ಹಣ್ಣು ಎರಡು ಕೈಯಲ್ಲಿ ಹಿಡಿದು ಕೇಳಿದಳು: "ಅಕ್ಕೋರೆ, ಎಲ್ಲ ಒಂದೇ ಅಳತೆ ಇಲ್ವಲ್ಲ. ಹೀಗೆ ಕಲಸಿದರೆ ಎಷ್ಟು ತುಂಬುತ್ತೆ?"

ಗಂಟೆ ಹೊಡೆಯಿತು. ಅವಳ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಅಳಿಸಬೇಡಿ ಅಂತ ಹೇಳಿ ಬಂದೆ.